ಕರಾವಳಿ ಗುಡ್ಡಗಳ ಕಾಡುನೀರುಳ್ಳಿ: ಹೆಸರನ್ನು ನಂಬಿ ಕೆಡದಿರಿ



ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯಲ್ಲಿ ಕಡಲಿಗೆ ಮುಖ ಮಾಡಿದ ಮುರಕಲ್ಲಿನ ಗುಡ್ಡಗಳಿವೆ. ಅವುಗಳ ಇಳಿಜಾರಿನ ಬಿರುಕುಗಳಲ್ಲಿಯೂ, ಕೆಳಗಿನ ಮರಳು ದಿಬ್ಬಗಳಲ್ಲಿಯೂ ಗಡ್ಡೆಯ ಗಿಡವೊಂದು ಬೆಳೆಯುತ್ತದೆ. ಕರಾವಳಿಯವರು ಅದನ್ನು ಕಾಡುನೀರುಳ್ಳಿ ಎನ್ನುತ್ತಾರೆ. ಘಟ್ಟದ ಮೇಲಿನ ಒಣ ಗುಡ್ಡಗಳಲ್ಲಿಯೂ ಇದು ಇದೆ. ಅಲ್ಲಿ ಇದಕ್ಕೆ ಕಾಡು ಈರುಳ್ಳಿ, ಅಡವಿ ಈರುಳ್ಳಿ ಎಂಬ ಹೆಸರುಗಳಿವೆ. ಸಂಸ್ಕೃತದಲ್ಲಿ ವನಪಲಾಂಡು, ಕೋಲಕಂದ ಎನ್ನುತ್ತಾರೆ. ಎಲ್ಲ ಹೆಸರುಗಳೂ ಗಡ್ಡೆಯ ಆಕಾರವನ್ನು ನೋಡಿ ಇಟ್ಟವು. ಆಕಾರವನ್ನು ಬಿಟ್ಟರೆ ಇದಕ್ಕೂ ಅಡುಗೆಮನೆಯ ನೀರುಳ್ಳಿಗೂ ಸಂಬಂಧವಿಲ್ಲವೆಂದೇ ಹೇಳಬೇಕು. ಇದು ಹೃದಯದ ಮೇಲೆ ಕೆಲಸ ಮಾಡುವ ಔಷಧದ ಗಡ್ಡೆ, ಆದುದರಿಂದಲೇ ವಿಷದ ಗಡ್ಡೆಯೂ ಹೌದು.

ಈ ಲೇಖನ ಬರೆಯಲು ಒಂದು ಕಾರಣವುಂಟು. ಕೃಷಿಮೇಳವೊಂದರಲ್ಲಿ ನಾನು ಮಳಿಗೆಯಲ್ಲಿ ಕುಳಿತಿದ್ದಾಗ ಕುಮಟಾ ತಾಲೂಕಿನ ಹಿರಿಯ ರೈತರೊಬ್ಬರು ಗೋಣಿಚೀಲದ ತುಂಡಿನಲ್ಲಿ ಸುತ್ತಿದ ಎರಡು ದೊಡ್ಡ ಗಡ್ಡೆಗಳನ್ನು ತಂದು ಮೇಜಿನ ಮೇಲಿಟ್ಟರು. "ಸಾರ್, ಇದಕ್ಕೆ ಚೀಲದ ಲೆಕ್ಕದಲ್ಲಿ ದುಡ್ಡು ಕೊಡ್ತೇವೆ ಅಂತ ಮನೆ ಬಾಗಿಲಿಗೆ ಜನ ಬಂದಿದ್ರು. ನಮ್ಮ ಬೇಣದಲ್ಲಿ ಬೇಕಾದಷ್ಟು ಇದೆ. ಹೆಸರೂ ನೀರುಳ್ಳಿ. ಹಾಗಾದ್ರೆ ಇದನ್ನೇ ಬೆಳೆದ್ರೆ ಏನು?" ಎಂದು ಕೇಳಿದರು. ಕೇಳಿದ್ದು ಸರಿಯಾದ ಪ್ರಶ್ನೆಯೇ. ಮಾತು ಮುಂದುವರಿದಂತೆ ಅವರು ಇನ್ನೊಂದು ಸಂಗತಿ ಹೇಳಿದರು. ಹಿಂದಿನ ವರ್ಷದ ಜೂನ್ ತಿಂಗಳಲ್ಲಿ, ಘಟ್ಟದ ಮೇಲಿನಿಂದ ಆಗಷ್ಟೇ ಕೊಂಡು ತಂದಿದ್ದ ಹಾಲುಕರೆಯುವ ಹಸುವೊಂದು ಅದೇ ಬೇಣದಲ್ಲಿ ಮೇಯ್ದು ಬಂದು ಮರುದಿನ ಸತ್ತಿತ್ತು. ಮನೆಯವರು ಹಾವು ಕಚ್ಚಿತೆಂದು ತಿಳಿದು ಹೂಳಿದ್ದರು. ಅವರ ಮನೆಯದೇ ಹಳೆಯ ದನಗಳಿಗೆ ಏನೂ ಆಗಿರಲಿಲ್ಲ. ಶವಪರೀಕ್ಷೆ ಮಾಡಿಸದೆ ಯಾವ ಕಾರಣವನ್ನೂ ಖಚಿತವಾಗಿ ಹೇಳುವಂತಿಲ್ಲ. ಆದರೆ ತಿಂಗಳು, ಜಾಗ, ಹೊಸ ಹಸು ಎಂಬ ಈ ಮೂರನ್ನೂ ಕೇಳಿದಾಗ ನನ್ನ ಕಣ್ಣು ಮೇಜಿನ ಮೇಲಿದ್ದ ಗಡ್ಡೆಗಳ ಕಡೆಗೇ ಹೋಯಿತು. ಅವರ ಎರಡು ಮಾತುಗಳಿಗೂ ಉತ್ತರ ಒಂದೇ ಗಿಡದಲ್ಲಿತ್ತು.

ಗಿಡದ ಪರಿಚಯ

ಇದರ ಶಾಸ್ತ್ರೀಯ ಹೆಸರು ಡ್ರಿಮಿಯಾ ಇಂಡಿಕಾ. ಹಳೆಯ ಪುಸ್ತಕಗಳಲ್ಲಿ ಅರ್ಜಿನಿಯಾ ಇಂಡಿಕಾ ಎಂದಿರುತ್ತದೆ. 1977ರಲ್ಲಿ ಇದನ್ನು ಡ್ರಿಮಿಯಾ ಕುಲಕ್ಕೆ ಸೇರಿಸಲಾಯಿತು. ಔಷಧ ವ್ಯಾಪಾರದವರು ಮಾತ್ರ ಇಂದಿಗೂ 'ಇಂಡಿಯನ್ ಸ್ಕ್ವಿಲ್' ಎಂದೇ ಕರೆಯುತ್ತಾರೆ. ಹಿಂದೆ ನೀರುಳ್ಳಿ, ಬೆಳ್ಳುಳ್ಳಿ, ಕಾಡುನೀರುಳ್ಳಿ ಎಲ್ಲವನ್ನೂ ಲಿಲಿಯೇಸಿ ಎಂಬ ಒಂದೇ ದೊಡ್ಡ ಕುಟುಂಬದಲ್ಲಿ ಇಡುತ್ತಿದ್ದರು. ಅನುವಂಶಿಕ ದ್ರವ್ಯದ ಪರೀಕ್ಷೆಗಳು ಬಂದ ಮೇಲೆ ಆ ಕುಟುಂಬ ಒಡೆಯಿತು. ಈಗ ನೀರುಳ್ಳಿ ಅಮಾರಿಲ್ಲಿಡೇಸಿ ಕುಟುಂಬದಲ್ಲಿದೆ, ಕಾಡುನೀರುಳ್ಳಿ ಶತಾವರಿಯ ಕುಟುಂಬವಾದ ಆಸ್ಪರಾಗೇಸಿಯಲ್ಲಿದೆ. ಒಟ್ಟು ಕುಟುಂಬದಲ್ಲಿದ್ದು ಬೇರೆಯಾದ ಅಣ್ಣತಮ್ಮಂದಿರೂ ಅಲ್ಲ ಇವು, ದೂರದ ನೆಂಟರು.

ನಿಜವಾದ ಕಾಡು ಈರುಳ್ಳಿಗಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಈರುಳ್ಳಿ ಕುಲದ ಹಲವು ಜಾತಿಗಳಿವೆ, ಅಲ್ಲಿನವರು ಕೆಲವನ್ನು ಒಣಗಿಸಿ ಒಗ್ಗರಣೆಗೆ ಬಳಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯದ ಕಡಲ ಬಂಡೆಗಳ ಮೇಲೆ ಗುಲಾಬಿ ಹೂವಿನ ಆಲಿಯಂ ಡೈಕ್ಲಾಮಿಡಿಯಂ ಎಂಬುದು ಬೆಳೆಯುತ್ತದೆ. ಮೆಡಿಟರೇನಿಯನ್ ಸಮುದ್ರದ ದ್ವೀಪಗಳ ಕಲ್ಲುದಂಡೆಗಳಲ್ಲಿ ಆಲಿಯಂ ಕಮ್ಯುಟಾಟಂ ಇದೆ. ಇವೆಲ್ಲ ವಾಸನೆಯಲ್ಲಿಯೂ ಗುಣದಲ್ಲಿಯೂ ಈರುಳ್ಳಿಗಳೇ. ಅಂಥ ದೇಶಗಳ ಪುಸ್ತಕಗಳನ್ನೋ ಚಿತ್ರಗಳನ್ನೋ ನೋಡಿ, ಕಡಲತೀರದ ಕಾಡು ಈರುಳ್ಳಿ ತಿನ್ನಬಹುದಂತೆ ಎಂದು ನಮ್ಮ ಗುಡ್ಡದ ಗಡ್ಡೆಗೆ ಕೈ ಹಾಕುವುದು ಅಪಾಯ.

ಕಾಡುನೀರುಳ್ಳಿಯ ಗಡ್ಡೆ ಮಾಸಲು ಬಿಳಿ ಬಣ್ಣದ್ದು, ಪದರ ಪದರವಾದುದು, ಸಾಮಾನ್ಯವಾಗಿ 5ರಿಂದ 10 ಸೆಂ.ಮೀ. ಉದ್ದದ್ದು. ಇದರ ವರ್ಷಚಕ್ರವನ್ನು ಸ್ವಲ್ಪ ನಿಧಾನವಾಗಿ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ದನಗಳಿಗೆ ಅಪಾಯ ಯಾವಾಗ ಎಂಬುದು ಅದರಲ್ಲಿಯೇ ಇದೆ. ಬೇಸಿಗೆಯಲ್ಲಿ, ಮುರಕಲ್ಲು ಕಾದು ಕಾಲಿಡಲಾಗದಂತಿರುವಾಗ, ಒಂದೂ ಎಲೆಯಿಲ್ಲದೆ ನೆಲದಿಂದ ಬರಿಯ ಹೂದಂಟು ಏಳುತ್ತದೆ. ಅದು ಮೊಣಕಾಲೆತ್ತರ, ಕೆಲವೊಮ್ಮೆ ಸೊಂಟದೆತ್ತರ. ದಂಟಿನ ಮೇಲ್ಭಾಗದಲ್ಲಿ ಉದ್ದ ತೊಟ್ಟಿನ, ಆರು ಎಸಳಿನ, ಕಂದು ಛಾಯೆಯ ಮಂಕು ಹೂಗಳು ಒಂದೊಂದಾಗಿ ದೂರ ದೂರ ಜೋತುಬಿದ್ದಿರುತ್ತವೆ. ಕಾಯಿ ಒಣಗಿ ಮೂರಾಗಿ ಬಿರಿದು ಚಪ್ಪಟೆಯಾದ ಕಪ್ಪು ಬೀಜಗಳು ಗಾಳಿಗೆ ಉದುರುತ್ತವೆ. ಮುಂಗಾರು ಮಳೆ ಬಿದ್ದ ಮೇಲೆಯೇ ಎಲೆಗಳು ಹೊರಡುವುದು. ಪಟ್ಟಿಯಂತಹ, ಒಂದು ಗೇಣಿನಿಂದ ಒಂದು ಮೊಳದವರೆಗಿನ ಎಲೆಗಳು ಮಳೆಗಾಲವಿಡೀ ಅನ್ನ ತಯಾರಿಸಿ ಗಡ್ಡೆಗೆ ತುಂಬುತ್ತವೆ. ಮಳೆ ನಿಂತು ನೆಲ ಒಣಗುತ್ತಾ ಬಂದಂತೆ ಹಳದಿಯಾಗಿ ಮಾಯವಾಗುತ್ತವೆ. ಮತ್ತೆ ಬೇಸಿಗೆಯವರೆಗೆ ಆ ಜಾಗದಲ್ಲಿ ಗಿಡವಿದೆ ಎಂಬ ಗುರುತೇ ಇರುವುದಿಲ್ಲ.

ಕಲ್ಲಿನ ಬಿರುಕಿನಲ್ಲಿ ಹಿಡಿ ಮಣ್ಣು ಇದ್ದರೆ ಸಾಕು ಈ ಗಿಡಕ್ಕೆ. ಉಪ್ಪುಗಾಳಿ ಜೋರಾಗಿ ಬೀಸುವ ಮಳೆಗಾಲದಲ್ಲಿ ಎಲೆ ತೊಳೆಯಲು ಮಳೆಯೇ ಇರುತ್ತದೆ, ಒಣ ಬಿಸಿಲಿನಲ್ಲಿ ನಷ್ಟವಾಗಲು ಎಲೆಯೇ ಇರುವುದಿಲ್ಲ. ಹೂವಿಗೂ ಬೀಜಕ್ಕೂ ಬೇಕಾದ ನೀರು ಗಡ್ಡೆಯ ಪದರಗಳಲ್ಲಿದೆ. ಈ ಗುಂಪಿನ ಗಿಡಗಳಲ್ಲಿ ಕುಗ್ಗುವ ಬೇರುಗಳೂ ಉಂಟು. ಬೆಳೆದ ಮೇಲೆ ಅವು ಗಿಡ್ಡವಾಗಿ ಗಡ್ಡೆಯನ್ನು ಕೆಳಕ್ಕೆ ಎಳೆಯುತ್ತವೆ. ಹಾರೆಯಿಲ್ಲದೆ ದೊಡ್ಡ ಗಡ್ಡೆ ಏಳದಿರುವುದು ಅದರಿಂದಲೇ.

ಈ ಜಾತಿಯಲ್ಲಿ ಎಲ್ಲ ಗಿಡಗಳೂ ಒಂದೇ ಬಗೆಯಲ್ಲ. ಜೀವಕೋಶದಲ್ಲಿ 20 ವರ್ಣತಂತುಗಳಿರುವ ಗಿಡಗಳ ಜೊತೆಗೆ 30 ಇರುವವೂ 40 ಇರುವವೂ ನಮ್ಮ ದೇಶದಲ್ಲಿ ಕಂಡುಬಂದಿವೆ. ಹೊರನೋಟಕ್ಕೆ ಒಂದೇ ಆಗಿ ಕಂಡರೂ ಗಡ್ಡೆಯ ಕಸುವು ಬೇರೆ ಬೇರೆ. ಮುಂದೆ ಔಷಧದ ವಿಷಯಕ್ಕೆ ಬಂದಾಗ ಇದನ್ನು ನೆನಪಿಡಿ.

ನೀರುಳ್ಳಿಯಿಂದ ಬೇರ್ಪಡಿಸುವುದು ಹೇಗೆ?

ಕುಮಟಾದ ಸುತ್ತಮುತ್ತಲಿನ ರೈತರಿಗೆ ನೀರುಳ್ಳಿಯ ಬಗ್ಗೆ ನಾನು ಹೇಳಿಕೊಡಬೇಕಾದುದೇನೂ ಇಲ್ಲ. ಅಳ್ವೆಕೋಡಿ, ವನ್ನಳ್ಳಿ ಕಡೆಯ ಸಿಹಿ ನೀರುಳ್ಳಿಯನ್ನು ಎಲೆಸಹಿತ ಜಡೆ ಹೆಣೆದು ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ತೂಗುಹಾಕಿ ಮಾರುವುದನ್ನು ಎಲ್ಲರೂ ನೋಡಿದ್ದಾರೆ. ಆದರೂ ಊರಿಗೆ ಹೊಸದಾಗಿ ಬಂದ ಕೂಲಿಯಾಳುಗಳು, ಗುಡ್ಡ ಸುತ್ತುವ ಮಕ್ಕಳು, ಪ್ರವಾಸಿಗರು ಇದ್ದಾರೆ. ಅವರಿಗಾಗಿ ಗುರುತುಗಳನ್ನು ಹೇಳಿಕೊಡಬೇಕು.

ಎಲ್ಲಕ್ಕಿಂತ ನಂಬತಕ್ಕ ಗುರುತು ವಾಸನೆ. ನೀರುಳ್ಳಿಯನ್ನು ಹೆಚ್ಚಿದಾಗ ಅದರ ಗಂಧಕಯುಕ್ತ ಪದಾರ್ಥದ ಮೇಲೆ ಕಿಣ್ವಗಳು ಕೆಲಸ ಮಾಡಿ ವಾಸನೆಯೂ ಕಣ್ಣೀರು ತರಿಸುವ ಆವಿಯೂ ಹುಟ್ಟುತ್ತವೆ. ಆ ಆವಿಗೆಂದೇ ಪ್ರತ್ಯೇಕ ಕಿಣ್ವವೊಂದು ಇದೆಯೆಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು. ಕಾಡುನೀರುಳ್ಳಿಯಲ್ಲಿ ಈ ವ್ಯವಸ್ಥೆಯೇ ಇಲ್ಲ. ಎಲೆಯ ತುಂಡನ್ನು ಕಲ್ಲಿನ ಮೇಲಿಟ್ಟು ಜಜ್ಜಿ ಮೂಸಿ ನೋಡಿ. ನೀರುಳ್ಳಿಯ ಘಾಟು ಇಲ್ಲದಿದ್ದರೆ ಅದು ನೀರುಳ್ಳಿಯಲ್ಲ, ಮುಂದಿನ ಪರೀಕ್ಷೆಯೇ ಬೇಡ. ಅಡುಗೆಮನೆಯ ಚಾಕುವಿನಿಂದ ಕೊಯ್ದು ನೋಡಬೇಡಿ, ಚಾಕುವಿಗೇ ನೀರುಳ್ಳಿಯ ವಾಸನೆ ಹಿಡಿದಿರುತ್ತದೆ. ರುಚಿ ನೋಡುವುದಂತೂ ಸಲ್ಲದು.

ಎಲೆ ನೋಡಿ ಹೇಳುವುದಾದರೆ, ನೀರುಳ್ಳಿಯ ಎಲೆ ಒಳಗೆ ಟೊಳ್ಳು, ಕೊಳವೆಯಂತೆ. ಕಾಡುನೀರುಳ್ಳಿಯದು ಚಪ್ಪಟೆ. ಬೆಳ್ಳುಳ್ಳಿಯ ಎಲೆಯೂ ಚಪ್ಪಟೆಯೇ ಆದುದರಿಂದ ಇದೊಂದನ್ನೇ ನಂಬಬಾರದು. ಹೂವು ಸಿಕ್ಕರೆ ಸಂಶಯಕ್ಕೆ ಎಡೆಯಿಲ್ಲ. ನೀರುಳ್ಳಿಯ ಹೂಗಳು ದಂಟಿನ ತುದಿಯ ಒಂದೇ ಬಿಂದುವಿನಿಂದ ಹೊರಟು ಚೆಂಡಾಗುತ್ತವೆ, ಇದರವು ದಂಟಿನ ಉದ್ದಕ್ಕೂ ಮೇಲೆ ಮೇಲೆ ಹರಡಿರುತ್ತವೆ. ಗಡ್ಡೆಯನ್ನು ಕೊಯ್ದರೆ ಲೋಳೆಯಾದ ಅಂಟು ರಸ ಬರುತ್ತದೆ. ಆ ರಸದಲ್ಲಿ ಸೂಜಿಯಂತಹ ಸುಣ್ಣದ ಆಕ್ಸಲೇಟ್ ಹರಳುಗಳಿವೆ. ಕೆಸುವಿನ ಗಡ್ಡೆ ಕೈಗೆ ತುರಿಕೆ ತರುವುದೂ ಇಂತಹ ಹರಳುಗಳಿಂದಲೇ. ವಿದ್ಯಾರ್ಥಿಯಾಗಿದ್ದಾಗ ನಾನು ಕೈಗವಸಿಲ್ಲದೆ ಒಂದು ಬುಟ್ಟಿ ಗಡ್ಡೆ ಹೆಚ್ಚಿ ಎರಡು ದಿನ ಕೈ ಕೆರೆದುಕೊಂಡಿದ್ದೇನೆ. ಪುಸ್ತಕದಲ್ಲಿ ಓದಿದ್ದು ಆ ದಿನ ಚೆನ್ನಾಗಿ ಮನದಟ್ಟಾಯಿತು.

ಒಳಗಿರುವ ವಿಷ ಯಾವುದು?

ಈ ಗಡ್ಡೆಯಲ್ಲಿ ಹೃದಯದ ಮೇಲೆ ಪರಿಣಾಮ ಮಾಡುವ ಗ್ಲೈಕೋಸೈಡುಗಳಿವೆ. ಮುಖ್ಯವಾದವು ಸಿಲ್ಲಾರೆನ್-ಎ ಮತ್ತು ಪ್ರೊಸಿಲ್ಲಾರಿಡಿನ್-ಎ. ಸಿಲ್ಲಾರೆನ್ನನ್ನು ಮೆಡಿಟರೇನಿಯನ್ ತೀರದ ಸೋದರ ಜಾತಿಯಿಂದ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟಾಲ್ ಮತ್ತು ಅವರ ಸಂಗಡಿಗರು 1920-30ರ ದಶಕಗಳಲ್ಲಿ ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಕಣಗಿಲೆ ಗಿಡದಲ್ಲಿರುವ ವಿಷವೂ ಇದೇ ವರ್ಗದ್ದು. ಹೃದಯದ ಸ್ನಾಯುಕೋಶಗಳಲ್ಲಿ ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ಸಾಗಿಸುವ ಒಂದು ಪಂಪು ಇದೆ ಎಂದುಕೊಳ್ಳಿ. ಈ ಗ್ಲೈಕೋಸೈಡುಗಳು ಆ ಪಂಪನ್ನು ತಡೆಯುತ್ತವೆ. ಅದರಿಂದ ಕೋಶದೊಳಗೆ ಸುಣ್ಣದ ಅಂಶ ಹೆಚ್ಚಿ ಬಡಿತ ಬಲವಾಗುತ್ತದೆ. ಔಷಧದ ಪ್ರಮಾಣದಲ್ಲಿ ಇದು ದುರ್ಬಲ ಹೃದಯಕ್ಕೆ ನೆರವು. ಸ್ವಲ್ಪ ಮೀರಿದರೆ ಬಡಿತದ ತಾಳ ತಪ್ಪಿ ಹೃದಯ ನಿಂತೇ ಹೋಗಬಹುದು. ನೆರವಿಗೂ ಸಾವಿಗೂ ನಡುವಿನ ಅಂತರ ಬಹಳ ಕಿರಿದು.

ಗಿಡಕ್ಕಾದರೋ ಇದು ಬೇಲಿ. ಬೇಸಿಗೆಯಲ್ಲಿ ಇಡೀ ಗುಡ್ಡದಲ್ಲಿ ನೀರೂ ಸಕ್ಕರೆಯೂ ತುಂಬಿದ ವಸ್ತು ಈ ಗಡ್ಡೆಯೇ ಇರಬಹುದು, ಆದರೂ ಅಗೆದು ತಿನ್ನುವ ಪ್ರಾಣಿಗಳು ಇದನ್ನು ಬಿಟ್ಟುಬಿಡುವುದು ಸುಮ್ಮನೆ ಅಲ್ಲ.

ದನಕರುಗಳಿಗೆ ಅಪಾಯದ ಕಾಲ

ಹಸಿದ ದನಕ್ಕೆ ಹಸುರು ಮಾತ್ರ ಕಾಣುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಒಣಹುಲ್ಲು ಮುಗಿಯುತ್ತಾ ಬಂದಿರುತ್ತದೆ. ಜೂನಿನ ಮೊದಲ ಮಳೆ ಬಿದ್ದ ಮೇಲೆ ಹುಲ್ಲು ಬೀಜದಿಂದಲೋ ಬುಡದಿಂದಲೋ ಚಿಗುರಿ ಬಾಯಿಗೆ ಸಿಗುವಷ್ಟಾಗಲು ಸಮಯ ಬೇಕು. ಕಾಡುನೀರುಳ್ಳಿಗೆ ಅಷ್ಟು ಸಮಯ ಬೇಡ, ಗಡ್ಡೆಯಲ್ಲಿ ಕೂಡಿಟ್ಟ ಬಲದಿಂದ ಅದು ಮೊದಲೇ ಹಸುರಾಗುತ್ತದೆ. ಹೀಗಾಗಿ ಮೊದಲ ಮಳೆಯ ನಂತರದ ಎರಡು-ಮೂರು ವಾರಗಳು ಬೇಣದಲ್ಲಿ ಬಹಳ ಎಚ್ಚರ ಬೇಕಾದ ಕಾಲ. ಅಲ್ಲಿಯೇ ಹುಟ್ಟಿ ಬೆಳೆದ ದನಗಳು ಸಾಮಾನ್ಯವಾಗಿ ಇದನ್ನು ಮೂಸಿ ಬಿಡುತ್ತವೆ. ಹೊರಗಿನಿಂದ ತಂದ ದನಗಳಿಗೆ ಆ ತಿಳಿವಳಿಕೆ ಇರುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ ಇದೇ ಕುಲದ ಬೇರೆ ಜಾತಿಗಳಿಂದ ದನಗಳು ಸಾಯುವುದುಂಟು. ಅಲ್ಲಿನ ದನಗಾರರ ಅನುಭವವೂ ಇದೇ: ಮಳೆಗೆ ಮುಂಚೆ ಚಿಗುರುವ ಹಸುರು, ಹಸಿದ ಮಂದೆ, ಹೊಸ ದನ.

ಹೊಸದಾಗಿ ತಂದ ದನವನ್ನು ಮೊದಲ ಮಳೆಗಾಲದಲ್ಲಿ ಬೇಣಕ್ಕೆ ಬಿಡುವ ಮೊದಲು ಕೊಟ್ಟಿಗೆಯಲ್ಲಿಯೇ ಹೊಟ್ಟೆ ತುಂಬ ಹುಲ್ಲು ಹಾಕಿ. ಮೊದಲ ಕೆಲವು ವಾರ ಬಿಡದಿದ್ದರೆ ಇನ್ನೂ ಒಳ್ಳೆಯದು. ಬಿಡಲೇಬೇಕಾದರೆ ಸಂಜೆಯ ಹೊತ್ತು, ಹೊಟ್ಟೆ ತುಂಬಿದ ಮೇಲೆ, ಹಳೆಯ ದನಗಳೊಂದಿಗೆ ಬಿಡಿ.

ವಿಷ ತಿಂದ ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸಬಹುದು, ಬೇಧಿಯಾಗುತ್ತದೆ, ಹಿಂಗಾಲು ಸೋತು ನಿಲ್ಲಲಾರದೆ ತೂರಾಡುತ್ತದೆ. ಎದೆಬಡಿತ ತಾಳ ತಪ್ಪುತ್ತದೆ. ಇಂತಹ ಸಮಯದಲ್ಲಿ ನಮ್ಮ ಜನ ಮಾಡುವ ದೊಡ್ಡ ತಪ್ಪೊಂದಿದೆ. ದನವನ್ನು ಎಬ್ಬಿಸಿ, ಹೊಡೆದು, ನಡೆಸಿ ಮನೆಗೆ ತರುತ್ತಾರೆ. ಹಾಗೆ ಮಾಡಕೂಡದು. ಹೃದಯ ಆಗಲೇ ಸೋತಿರುತ್ತದೆ, ಓಡಿಸಿದರೆ ದಾರಿಯಲ್ಲಿಯೇ ಬಿದ್ದು ಸಾಯಬಹುದು. ಇದ್ದಲ್ಲಿಯೇ ನೆರಳು ಮಾಡಿ, ಗಲಾಟೆ ಮಾಡದೆ, ಪಶುವೈದ್ಯರನ್ನು ಅಲ್ಲಿಗೇ ಕರೆತನ್ನಿ. ದನ ಏನನ್ನು ಮೇಯ್ದಿತ್ತೋ ಆ ಗಿಡದ ಎಲೆಯನ್ನೂ ತೋರಿಸಿ. ವೈದ್ಯರು ಕ್ರಿಯಾಶೀಲ ಇದ್ದಿಲನ್ನು ಕುಡಿಸುವುದುಂಟು, ಅದು ಹೊಟ್ಟೆಯಲ್ಲಿ ಉಳಿದ ವಿಷವನ್ನು ಹಿಡಿದಿಡುತ್ತದೆ. ಎಣ್ಣೆ, ಮಜ್ಜಿಗೆ, ಉಪ್ಪುನೀರು ಎಂದು ಬಾಯಿಗೆ ಹೊಯ್ದು ಶ್ವಾಸಕ್ಕೆ ಸಿಕ್ಕಿಸಬೇಡಿ. ದನ ಸತ್ತರೆ ಹೂಳುವ ಮೊದಲು ಶವಪರೀಕ್ಷೆ ಮಾಡಿಸಿ. ಹೊಟ್ಟೆಯಲ್ಲಿ ಜಗಿದ ಎಲೆಯ ತುಂಡುಗಳು ಸಿಕ್ಕರೆ ಉಳಿದ ದನಗಳನ್ನಾದರೂ ಉಳಿಸಿಕೊಳ್ಳಬಹುದು. ಹಾವಿನ ಮೇಲೆ ಹೊರಿಸಿ ಸುಮ್ಮನಾದರೆ ಮರುವರ್ಷವೂ ಅದೇ ಆಗುತ್ತದೆ.

ಉತ್ತರ ಕನ್ನಡದವರು ಗಮನಿಸತಕ್ಕ ಇನ್ನೊಂದು ಮಾತಿದೆ. ಬೇಣದ ಹುಲ್ಲನ್ನು ಕೊಯ್ದು ಕರಡವಾಗಿ ಸಂಗ್ರಹಿಸುವಾಗ ಕಾಡುನೀರುಳ್ಳಿಯ ಎಲೆಯೂ ಸೇರಿಹೋಗಬಹುದು. ಒಣಗಿದರೆ ವಿಷ ಹೋಗುತ್ತದೆ ಎಂದು ಭಾವಿಸಬೇಡಿ. ಔಷಧವಾಗಿ ಮಾರುವುದೇ ಒಣಗಿಸಿದ ಗಡ್ಡೆಯ ಹೋಳುಗಳನ್ನು ಎಂಬುದನ್ನು ಯೋಚಿಸಿದರೆ ಸಾಕು. ಹಸಿಯಾಗಿದ್ದಾಗ ಮೂಸಿ ಬಿಡುವ ದನ, ಕರಡದಲ್ಲಿ ಬೆರೆತಾಗ ಆರಿಸಿ ಬಿಡಲಾರದು. ಆದುದರಿಂದ ಆಗಸ್ಟ್ ತಿಂಗಳಲ್ಲಿ, ಎಲೆ ಚೆನ್ನಾಗಿ ಕಾಣುವಾಗ ಬೇಣದಲ್ಲಿ ಒಮ್ಮೆ ಅಡ್ಡಾಡಿ, ದಟ್ಟವಾಗಿರುವ ಕಡೆ ಕೋಲು ನೆಟ್ಟು ಗುರುತು ಮಾಡಿ. ಹುಲ್ಲು ಕೊಯ್ಯುವಾಗ ಆ ತುಂಡನ್ನು ಬಿಟ್ಟುಬಿಡಿ.

ಗೇರು ಗಿಡಕ್ಕೆ ಗುಂಡಿ ತೋಡುವಾಗ ಹೊರಬಂದ ಗಡ್ಡೆಗಳನ್ನು ಗೊಬ್ಬರದ ಗುಂಡಿಗೋ ದಾರಿಯ ಬದಿಗೋ ಎಸೆಯುವುದು ವಾಡಿಕೆ. ಅವು ಸುಲಭವಾಗಿ ಸಾಯುವುದಿಲ್ಲ, ಬಿದ್ದಲ್ಲಿಯೇ ಚಿಗುರುತ್ತವೆ. ದನ ಹೋಗದ ಕಲ್ಲುಸಂದಿಯಲ್ಲಿ ಮತ್ತೆ ನೆಟ್ಟುಬಿಡುವುದೇ ಸುಲಭವಾದ ದಾರಿ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಬೆಲೆ ಬಿದ್ದಾಗ ಊಟದ ನೀರುಳ್ಳಿಯನ್ನೇ ರಾಶಿ ರಾಶಿ ದನಗಳಿಗೆ ಹಾಕುವುದನ್ನು ಘಟ್ಟದ ಮೇಲೆ ನೋಡಿದ್ದೇನೆ. ಅದೂ ಒಳ್ಳೆಯದಲ್ಲ. ನೀರುಳ್ಳಿಯ ಗಂಧಕಯುಕ್ತ ಪದಾರ್ಥಗಳು ದನದ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ, ಮೂತ್ರ ಕೆಂಪಾಗಿ ರಕ್ತಹೀನತೆಯಾಗುತ್ತದೆ. ಇದು ಬೇರೆ ವಿಷ, ಬೇರೆ ದಾರಿ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ಮೆಡಿಟರೇನಿಯನ್ ತೀರದ ಸೋದರ

ಔಷಧದ ಕಥೆ ತಿಳಿಯಬೇಕಾದರೆ ನಮ್ಮ ಕರಾವಳಿಯಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ ಹೋಗಬೇಕು. ಗ್ರೀಸ್, ಇಟಲಿ, ಸ್ಪೇನ್, ಉತ್ತರ ಆಫ್ರಿಕದ ಕಲ್ಲುತೀರಗಳಲ್ಲಿ ಡ್ರಿಮಿಯಾ ಮ್ಯಾರಿಟಿಮಾ ಎಂಬ ಜಾತಿ ಬೆಳೆಯುತ್ತದೆ. ಅದರ ಗಡ್ಡೆ ನಮ್ಮದಕ್ಕಿಂತ ಬಹು ದೊಡ್ಡದು, ಒಂದೆರಡು ಕಿಲೋ ತೂಗುವುದೂ ಉಂಟು. ಅಲ್ಲಿ ಮಳೆ ಚಳಿಗಾಲದಲ್ಲಿ. ಆದುದರಿಂದ ಅದು ಬೇಸಿಗೆಯ ಕೊನೆಗೆ ಎಲೆಯಿಲ್ಲದೆ ಹೂಬಿಟ್ಟು ಮಳೆ ಬಂದ ಮೇಲೆ ಎಲೆ ಬಿಡುತ್ತದೆ. ತಿಂಗಳು ಬೇರೆಯಾದರೂ ಲೆಕ್ಕ ನಮ್ಮ ಗಿಡದ್ದೇ: ಒಣಕಾಲದ ಕೊನೆಯಲ್ಲಿ ಹೂವು, ಮಳೆಯೊಂದಿಗೆ ಎಲೆ.

ಅಲ್ಲಿನ ಒಕ್ಕಲಿಗರು ಇದನ್ನು ಬಹಳ ಹಿಂದಿನಿಂದ ಬಲ್ಲರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್, ಈ ಗಿಡ ಹೂಬಿಡುವುದನ್ನು ನೋಡಿ ಬಿತ್ತನೆಯ ಹದವನ್ನು ತಿಳಿಯುತ್ತಿದ್ದರೆಂದು ಬರೆದಿದ್ದಾನೆ. ಅಂಜೂರದ ಕಡ್ಡಿಯನ್ನು ಈ ಗಡ್ಡೆಯಲ್ಲಿ ಚುಚ್ಚಿ ನೆಟ್ಟರೆ ಬೇಗ ಬೆಳೆಯುತ್ತದೆ, ಹುಳು ತಾಗುವುದು ಕಡಿಮೆ ಎಂದೂ ಹೇಳಿದ್ದಾನೆ. ಪ್ಯಾಲೆಸ್ತೀನಿನ ಕಡೆ ಹೊಲದ ಗಡಿಗೆ ಇದನ್ನೇ ನೆಡುತ್ತಿದ್ದರು. ಬೇರು ಅಕ್ಕಪಕ್ಕ ಹರಡದೆ ನೇರ ಕೆಳಗಿಳಿಯುತ್ತದೆ, ಜಾನುವಾರು ಮುಟ್ಟುವುದಿಲ್ಲ, ಉತ್ತರೂ ಸಾಯುವುದಿಲ್ಲ. ಗಡಿಕಲ್ಲು ಸರಿಸುವ ನೆರೆಯವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆಯಿಲ್ಲ. ಗ್ರೀಸಿನಲ್ಲಿ ಹೊಸ ವರ್ಷಕ್ಕೆ ಈ ಗಡ್ಡೆಯನ್ನು ಮನೆಯ ಬಾಗಿಲಿಗೆ ತೂಗುಹಾಕುತ್ತಾರೆ, ನೆಲದಿಂದ ಕಿತ್ತರೂ ಚಿಗುರುವ ಗಡ್ಡೆಯಲ್ಲವೇ!

ಯುರೋಪಿನ ವೈದ್ಯರು ಅದನ್ನು ಕಫ ಕರಗಿಸಲು, ಮೂತ್ರ ಹೆಚ್ಚಿಸಲು, ಹೃದಯಕ್ಕೆ ಬಲ ಕೊಡಲು ಬಳಸುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಅಲ್ಲಿಂದ ತರಿಸುವ ಬದಲು ನಮ್ಮ ಕಾಡುನೀರುಳ್ಳಿಯನ್ನೇ ಬಳಸಬಹುದೆಂದು ಕಂಡುಕೊಂಡರು. ಭಾರತೀಯ ಔಷಧಸಂಹಿತೆಯಲ್ಲಿಯೂ ಇದಕ್ಕೆ ಸ್ಥಾನ ಸಿಕ್ಕಿತು. ಕೆಮ್ಮಿನ ಔಷಧಿಗಳಿಗಾಗಿ ಗಡ್ಡೆ ಕೊಳ್ಳುವ ವ್ಯಾಪಾರ ಬೆಳೆದದ್ದು ಹೀಗೆ.

ಅಲ್ಲಿನ ಕೆಂಪು ಗಡ್ಡೆಯ ಬಗೆಯಿಂದ ಇಲಿಪಾಷಾಣವನ್ನೂ ಮಾಡುತ್ತಿದ್ದರು. ಅದರ ಉಪಾಯ ಚೆನ್ನಾಗಿದೆ. ಮನುಷ್ಯ, ನಾಯಿ, ಬೆಕ್ಕು ಇದನ್ನು ತಿಂದರೆ ವಾಂತಿಯಾಗಿ ಬಹುಮಟ್ಟಿಗೆ ಹೊರಬೀಳುತ್ತದೆ, ಇಲಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ತೆಂಗಿನ ತೋಟದವರು, ನಮ್ಮ ಗುಡ್ಡದ ಗಡ್ಡೆಯನ್ನೂ ಅರೆದು ಇಲಿಗೆ ಇಡೋಣವೇ ಎಂದು ಕೇಳುತ್ತಾರೆ. ಬೇಡ. ಕೆಂಪು ಗಡ್ಡೆಯಲ್ಲಿ ಇಲಿಗೆ ವಿಶೇಷವಾಗಿ ತಗಲುವ ಸಿಲ್ಲಿರೋಸೈಡ್ ಎಂಬ ಬೇರೆ ಪದಾರ್ಥವಿದೆ, ಇದು ಆ ಗಡ್ಡೆಯಲ್ಲ. ಮನೆಯಲ್ಲಿ ಅರೆದ ವಿಷಕ್ಕೆ ಅಳತೆಯೂ ಇಲ್ಲ. ಅರೆದ ಕಲ್ಲು ಮತ್ತೆ ಅಡುಗೆಮನೆಗೇ ಬರುತ್ತದೆ.

ಮನೆಮದ್ದಿನ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಕಟುವಾದುದೇ. ಕಾಲಿನ ಆಣಿಗೆ ಗಡ್ಡೆಯನ್ನು ಸುಟ್ಟು ಕಟ್ಟುವುದನ್ನು ಹಿರಿಯರು ಮಾಡುತ್ತಾ ಬಂದಿದ್ದಾರೆ. ಗಾಯವಿಲ್ಲದ ದಪ್ಪ ಚರ್ಮದ ಮೇಲೆ ಅಷ್ಟು ಮಾತ್ರವಾದರೆ ನಾನು ಜಗಳವಾಡುವುದಿಲ್ಲ. ಆದರೆ ಕೆಮ್ಮಿಗೆ, ಉಬ್ಬಸಕ್ಕೆ, ಕಾಲು ಊತಕ್ಕೆ ಎಂದು ಕಷಾಯ ಮಾಡಿ ಕುಡಿಯುವುದು ಜೀವಕ್ಕೆ ಸಂಚಕಾರ. ಗಡ್ಡೆ ಗಡ್ಡೆಗೆ, ಊರು ಊರಿಗೆ, ಕಿತ್ತ ತಿಂಗಳು ತಿಂಗಳಿಗೆ ಕಸುವು ಬೇರೆಯಾಗುತ್ತದೆ. ಕಳೆದ ಸಲ ಒಂದು ಚಮಚದಲ್ಲಿ ಗುಣ ಕಂಡವರಿಗೆ ಈ ಸಲ ಅದೇ ಚಮಚ ಹೆಚ್ಚಾಗಬಹುದು. ಹೃದಯದ ಔಷಧಿ ಸೇವಿಸುತ್ತಿರುವವರಿಗೆ ಅಪಾಯ ಇಮ್ಮಡಿ. ಯಾರಾದರೂ ತಿಳಿಯದೆ ತಿಂದು ವಾಂತಿ, ಬೇಧಿ, ತಲೆಸುತ್ತು ಕಾಣಿಸಿಕೊಂಡರೆ ಕಾಯಬೇಡಿ. ತಿಂದು ಉಳಿದ ಗಡ್ಡೆಯನ್ನೂ ಕಟ್ಟಿಕೊಂಡು ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಹಾಗಾದರೆ ಇದನ್ನು ಬೆಳೆಯಬಹುದೇ?

ಮೇಳದಲ್ಲಿ ಕೇಳಿದ ಆ ರೈತರಿಗೆ ನಾನು ಕೊಟ್ಟ ಉತ್ತರ ಇದು: ಬೆಳೆಯಾಗಿ ಬೇಡ.

ಗಿಡ ಬೆಳೆಯುವುದಿಲ್ಲವೆಂದು ಅಲ್ಲ. ಬೀಜದಿಂದಲೂ ಮರಿಗಡ್ಡೆಯಿಂದಲೂ ಬರುತ್ತದೆ. ಆದರೆ ಬೀಜದ ಸಸಿ ಮಾರುವ ಗಾತ್ರದ ಗಡ್ಡೆಯಾಗಲು ಹಲವು ವರ್ಷ ಬೇಕು. ಮೂವತ್ತು ವರ್ಣತಂತುಗಳ ಬಗೆಯಾದರೆ ಸರಿಯಾದ ಬೀಜವೇ ಕಟ್ಟದೆ ಗಡ್ಡೆಯೊಡೆದೇ ಹೆಚ್ಚಬೇಕು. ಅಷ್ಟು ವರ್ಷ ಕಾದ ಮೇಲೆ ಬೆಲೆ ಹೇಳುವವನು ನೀವಲ್ಲ, ಗಡ್ಡೆಯ ಸತ್ವವನ್ನು ಪರೀಕ್ಷಿಸುವ ಕಾರ್ಖಾನೆಯವನು. ಮನೆ ಬಾಗಿಲಿಗೆ ಬರುವ ದಲಾಲಿ ಆ ಪರೀಕ್ಷೆ ಮಾಡಿಸುವುದಿಲ್ಲ, ತೂಕ ಮಾತ್ರ ನೋಡುತ್ತಾನೆ. ಲಿಖಿತ ಖರೀದಿ ಒಪ್ಪಂದವಿಲ್ಲದೆ ಯಾವ ಔಷಧದ ಗಿಡವನ್ನೂ ಎಕರೆಗಟ್ಟಲೆ ಹಾಕಬೇಡಿ ಎಂದು ಈ ಪುಟಗಳಲ್ಲಿ ಹಲವು ಸಲ ಹೇಳಿಯಾಗಿದೆ.

ಗುಡ್ಡದಿಂದ ಕಿತ್ತು ಮಾರುವುದಂತೂ ಇನ್ನೂ ನಷ್ಟದ ಬಾಬತ್ತು. ಎಲೆಯಿಲ್ಲದಾಗ ಗಡ್ಡೆ ಎಲ್ಲಿದೆಯೆಂದು ತೋರಿಸುವುದು ಹೂದಂಟು ಮಾತ್ರ. ಆದುದರಿಂದ ಅಗೆಯುವವರು ಬರುವುದು ಬೇಸಿಗೆಯ ಕೊನೆಯಲ್ಲಿ, ಅಂದರೆ ಬೀಜ ಉದುರುವ ಮೊದಲೇ. ಮರಿಗಡ್ಡೆಯನ್ನೂ ಬಿಡುವುದಿಲ್ಲ. ಹಾರೆಯಿಂದ ಬಿರುಕು ಬಿಚ್ಚಿ ಸಡಿಲಾದ ಇಳಿಜಾರಿನ ಮೇಲೆ ಕೆಲವೇ ವಾರಗಳಲ್ಲಿ ಮುಂಗಾರು ಬೀಳುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುವ ಸೀಮೆಯಿದು. ಆ ಬಿರುಕುಗಳಲ್ಲಿದ್ದ ಹಿಡಿ ಹಿಡಿ ಮಣ್ಣು ಕೊಚ್ಚಿಹೋದರೆ ಮುರಕಲ್ಲು ಮಾತ್ರ ಉಳಿಯುತ್ತದೆ, ಮರುವರ್ಷ ಕರಡವೂ ಏಳುವುದಿಲ್ಲ. ಕೆಳಗಿನ ಗದ್ದೆಯ ಕಾಲುವೆಯಲ್ಲಿ ಹೂಳು ತುಂಬುವುದು ಬೇರೆ. ಒಂದು ಚೀಲ ಗಡ್ಡೆಯ ಹಣಕ್ಕೆ ಒಂದು ಬೇಣದ ಹುಲ್ಲನ್ನು ಕೊಟ್ಟಂತಾಯಿತು. ಅರಣ್ಯ ಭೂಮಿಯಿಂದ ಅನುಮತಿಯಿಲ್ಲದೆ ಅಗೆದರೆ ಶಿಕ್ಷೆಗೂ ಗುರಿಯಾಗಬೇಕಾಗುತ್ತದೆ. ಕುಮ್ಕಿ ಜಾಗವೂ ಸರಕಾರದ್ದೇ ಎಂಬುದನ್ನು ಮರೆಯಬೇಡಿ. 2002ರ ಜೀವವೈವಿಧ್ಯ ಕಾಯಿದೆಯಂತೆ ರಚನೆಯಾದ ಸಮಿತಿ ನಿಮ್ಮ ಪಂಚಾಯಿತಿಯಲ್ಲಿದ್ದರೆ, ಹೊರಗಿನವರು ಗಡ್ಡೆ ಅಗೆಯಲು ಬಂದಾಗ ಮೊದಲು ಅದರ ಸದಸ್ಯರಿಗೆ ತಿಳಿಸಿ.

ಸ್ವಂತ ಹಿಡುವಳಿಯಲ್ಲಿ ಮನೆಕಟ್ಟಲೋ ತೋಟ ಮಾಡಲೋ ನೆಲ ಸಮ ಮಾಡುವಾಗ ಹೇಗೂ ಗಡ್ಡೆ ಹೊರಬಂದರೆ ಅದನ್ನು ಮಾರಲು ಅಡ್ಡಿಯಿಲ್ಲ. ಅಂಥವರಿಗೆ ನಾಲ್ಕು ಮಾತು. ರಬ್ಬರಿನ ಕೈಗವಸು ಹಾಕಿ. ಹೊರಗಿನ ಒಣ ಪದರಗಳನ್ನೂ ಬೇರನ್ನೂ ತೆಗೆದು, ತೆಳ್ಳಗೆ ಹೋಳು ಮಾಡಿ, ಮಕ್ಕಳೂ ಕೋಳಿಗಳೂ ಬಾರದ ಕಡೆ ಒಣಗಿಸಿ. ಒಣಗಿದ ಹೋಳು ಕರಾವಳಿಯ ಹವೆಯಲ್ಲಿ ಬೇಗ ತೇವ ಹೀರಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ, ಆದುದರಿಂದ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಮಳೆಗಾಲಕ್ಕೆ ಮುಂಚೆಯೇ ಸಾಗಿಸಿ. ಡಬ್ಬಿಯ ಮೇಲೆ 'ವಿಷ' ಎಂದು ದೊಡ್ಡದಾಗಿ ಬರೆಯಿರಿ. ನೀರುಳ್ಳಿ ತುಂಬಿದ ಚೀಲವನ್ನು ಇದಕ್ಕೆ ಬಳಸಬೇಡಿ, ಇದಕ್ಕೆ ಬಳಸಿದ ಚೀಲದಲ್ಲಿ ನೀರುಳ್ಳಿ ತುಂಬಲೂ ಬೇಡಿ.

ವ್ಯಾಪಾರಕ್ಕೆ ಕೊಡುವ ಸರಕಿನಲ್ಲಿ ಲೆಡೆಬೂರಿಯಾ ಎಂಬ ಇನ್ನೊಂದು ಗಿಡದ ಸಣ್ಣ ಗಡ್ಡೆಗಳು ಬೆರೆಯುವುದುಂಟು. ಅದರ ಎಲೆಯ ಮೇಲೆ ನೇರಳೆ ಚುಕ್ಕೆಗಳಿರುತ್ತವೆ, ಗಡ್ಡೆಯ ಪದರಗಳು ನೀರುಳ್ಳಿಯಂತೆ ಪೂರ್ತಿ ಸುತ್ತಿಕೊಳ್ಳದೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಎಲೆ ಒಣಗಿದ ಮೇಲೆ ಗಡ್ಡೆಯ ಪದರವನ್ನು ನೋಡಿಯೇ ಬೇರ್ಪಡಿಸಬೇಕು.

ಆ ಹಿರಿಯರು ಗಡ್ಡೆಗಳನ್ನು ಮತ್ತೆ ಗೋಣಿಯಲ್ಲಿ ಸುತ್ತಿಕೊಂಡು, "ಹಾಗಾದ್ರೆ ಇದನ್ನ ಎಲ್ಲಿ ಎಸೀಲಿ?" ಎಂದು ಕೇಳಿದರು. ತಂದ ಜಾಗದಲ್ಲಿಯೇ ಇಟ್ಟು ಮಣ್ಣು ಮುಚ್ಚಿ, ಮಳೆ ಬಂದಾಗ ಆ ಕಡೆ ಹಸು ಬಿಡಬೇಡಿ ಎಂದೆ. ಎರಡು ಮಳೆಗಾಲ ಕಳೆದ ಮೇಲೆ ಅವರ ಬೇಣಕ್ಕೆ ನಾನೇ ಹೋಗಿದ್ದೆ. ಕಡಲ ಕಡೆಯ ಅಂಚಿನಲ್ಲಿ, ಬಿದಿರಿನ ಗೂಟ ನೆಟ್ಟು ಹಳೆಯ ಬಲೆಯ ತುಂಡೊಂದನ್ನು ಸುತ್ತ ಕಟ್ಟಿದ್ದರು. ಬಲೆಯೊಳಗೆ ಕಾಡುನೀರುಳ್ಳಿಯ ಎಲೆ ಮೊಳದುದ್ದ ಬೆಳೆದಿತ್ತು. ಹೊರಗೆ ಅವರ ಹೊಸ ಹಸು ಹುಲ್ಲು ಮೇಯುತ್ತಿತ್ತು.

ನಿಮ್ಮ ಗುಡ್ಡದ ಗಿಡ ಇದೇ ಹೌದೋ ಅಲ್ಲವೋ ಎಂಬ ಸಂಶಯವಿದ್ದರೆ ಬೇಸಿಗೆಯಲ್ಲಿ ಹೂದಂಟನ್ನೂ ಮಳೆಗಾಲದಲ್ಲಿ ಅದೇ ಗಿಡದ ಒಂದು ಎಲೆಯನ್ನೂ ವೃತ್ತಪತ್ರಿಕೆಯ ಮಡಿಕೆಯಲ್ಲಿ ಒತ್ತಿ ಒಣಗಿಸಿ, ಊರು, ತಿಂಗಳು, ಜಾಗದ ವಿವರ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿ ಕಳುಹಿಸಿದರೆ ದಾರಿಯಲ್ಲಿಯೇ ಕೊಳೆತು ಗುರುತು ಸಿಗುವುದಿಲ್ಲ.